ದಯೆಗೂ ಒರೆಗಲ್ಲು ಬೇಕೆ?

ಕಳವು, ಕೊಲೆ, ವಂಚನೆ, ಅಬಲರ ಮೇಲಣ ಅತ್ಯಾಚಾರ, ಇವು ಕೆಟ್ಟವೆಂದು ಹೇಳುವುದಕ್ಕೆ ಶಾಸ್ತ್ರಪಾಂಡಿತ್ಯವೇನೂ ಬೇಕಾಗಿಲ್ಲ. ಈ ವಿಷಯದಲ್ಲಿ ಆಸ್ತಿಕರಿಗೂ ನಾಸ್ತಿಕರಿಗೂ ಭಿನ್ನಾಭಿಪ್ರಾಯವಿಲ್ಲ. ಕಳ್ಳನೂ ಸಹ ತನ್ನ ಮನೆಗೆ ಕನ್ನ ಬಿದ್ದ ದಿನ ಕಳವನ್ನು ಪಾಪವೆಂದೇ ಕರೆಯುತ್ತಾನೆ. ಭಿನ್ನಾಭಿಪ್ರಾಯ ತಲೆದೋರುವುದು ಅಪರಾಧವನ್ನು ತಡೆಯುವುದು ಹೇಗೆಂಬ ಎರಡನೆಯ ಪ್ರಶ್ನೆಯಲ್ಲಿ. ದಂಡಿಸಬೇಕೆನ್ನುವವರು ಕೆಲವರು, ತಿದ್ದಬೇಕೆನ್ನುವವರು ಕೆಲವರು, ಬಡತನ ನೀಗಿದರೆ ಅಪರಾಧವೂ ನೀಗುವುದೆನ್ನುವವರು ಮತ್ತೆ ಕೆಲವರು. ಆದರೆ ಇವೆರಡರ ಆಚೆಗೆ ಮೂರನೆಯ ಪ್ರಶ್ನೆಯೊಂದುಂಟು: ಅಪರಾಧವನ್ನು ತಡೆಯಲೆಂದು ನಾವು ಕೈಗೊಂಡ ಕಾರ್ಯ ಅದನ್ನು ನಿಜವಾಗಿಯೂ ತಡೆಯಿತೇ ಎಂಬುದನ್ನು ಅರಿಯುವುದು ಹೇಗೆ? ಈ ಪ್ರಶ್ನೆಯನ್ನು ಕೇಳುವವರು ವಿರಳ. ಉತ್ತರಕ್ಕಾಗಿ ವರ್ಷಗಟ್ಟಲೆ ಕಾಯುವವರು ಇನ್ನೂ ವಿರಳ.

ಇದು ಪೊಲೀಸ್ ಇಲಾಖೆಗೂ ಸಂಖ್ಯಾಶಾಸ್ತ್ರಜ್ಞರಿಗೂ ಸೇರಿದ ವಿಷಯ, ಮಠಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೆಲವು ಭಕ್ತರಿಗೆ ಅನ್ನಿಸಬಹುದು. ಸಂಬಂಧವುಂಟು. ದಾರಿ ತಪ್ಪುತ್ತಿರುವ ಮಗನನ್ನು ತಾಯಿಯೊಬ್ಬಳು ಕೈಹಿಡಿದು ಕರೆತಂದು, “ಇವನೊಬ್ಬ ಮನುಷ್ಯನಾಗಲಿ, ಬುದ್ಧೀ” ಎಂದು ಪ್ರಸಾದನಿಲಯದ ಬಾಗಿಲಲ್ಲಿ ಒಪ್ಪಿಸಿ ಹೋಗುವುದು ನಾಡಿನ ಮಠಗಳಿಗೆಲ್ಲ ಚಿರಪರಿಚಿತವಾದ ನೋಟ. ಆ ಕ್ಷಣದಿಂದ ಮಠವೂ ಒಂದರ್ಥದಲ್ಲಿ ಅಪರಾಧ ತಡೆಯುವ ಸಂಸ್ಥೆಯೇ. ಅದಕ್ಕಾಗಿ ಭಕ್ತರು ಧಾನ್ಯ ಕೊಡುತ್ತಾರೆ, ಹಣ ಕೊಡುತ್ತಾರೆ. ಹುಡುಗನು ತನ್ನ ಬಾಲ್ಯವನ್ನೇ ಕೊಡುತ್ತಾನೆ. ಕೊಟ್ಟವರ ಪೈಕಿ ಹೆಚ್ಚಿನದನ್ನು ಕೊಟ್ಟವನು ಅವನೇ. ಅವನ ಋಣವನ್ನು ನಾವು ತೀರಿಸಿದೆವೋ ಇಲ್ಲವೋ ಎಂಬುದನ್ನು ನಮ್ಮ ಸದುದ್ದೇಶವೊಂದೇ ನಿರ್ಣಯಿಸಬಲ್ಲುದೆ?

ಒಂದು ಸತ್ಕಾರ್ಯದ ವೃತ್ತಾಂತ

ಈ ಪ್ರಶ್ನೆಗೆ ಉತ್ತರವಾಗಿ ಅಮೆರಿಕೆಯಲ್ಲಿ ನಡೆದ ಒಂದು ವೃತ್ತಾಂತವನ್ನು ವಾಚಕರ ಮುಂದಿಡುತ್ತೇವೆ. ಬಾಸ್ಟನ್ ನಗರದ ರಿಚರ್ಡ್ ಕ್ಲಾರ್ಕ್ ಕ್ಯಾಬಟ್ ಎಂಬವರು ಹೆಸರಾಂತ ವೈದ್ಯರು; ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸಾಮಾಜಿಕ ನೀತಿಶಾಸ್ತ್ರವನ್ನೂ ಬೋಧಿಸಿದವರು. ಬಡ ಬೀದಿಗಳಲ್ಲಿ ಬೆಳೆಯುವ ಹುಡುಗನಿಗೆ ತಂದೆ-ತಾಯಿಯರಲ್ಲದೆ ಪ್ರೀತಿಯಿಂದ ಕಾಣುವ ಇನ್ನೊಬ್ಬ ಹಿರಿಯನ ಆಸರೆ ದೊರೆತರೆ ಅವನು ಅಪರಾಧಕ್ಕೆ ಇಳಿಯಲಾರನೆಂಬುದು ಅವರ ನಂಬಿಕೆ. ಈ ನಂಬಿಕೆಯ ಮೇಲೆ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಎಂಬ ಎರಡು ಊರುಗಳ ಹುಡುಗರಿಗಾಗಿ ೧೯೩೯ರಲ್ಲಿ ಒಂದು ಕಾರ್ಯ ಆರಂಭವಾಯಿತು. ಆ ವರ್ಷವೇ ಕ್ಯಾಬಟ್ ತೀರಿಕೊಂಡರು. ಕಾರ್ಯ ಮಾತ್ರ ೧೯೪೫ರ ವರೆಗೆ ನಡೆಯಿತು. ಮಾರ್ಗದರ್ಶಕರು ಹುಡುಗರ ಮನೆಗಳಿಗೆ ಸರಾಸರಿ ತಿಂಗಳಿಗೆ ಎರಡು ಬಾರಿ ಹೋಗಿಬರುತ್ತಿದ್ದರು. ಓದಿನಲ್ಲಿ ಹಿಂದುಳಿದವರಿಗೆ ಪಾಠ, ಕಾಯಿಲೆಯವರಿಗೆ ಚಿಕಿತ್ಸೆ, ಹಲವರಿಗೆ ಬೇಸಿಗೆಯ ಶಿಬಿರ ದೊರೆತುವು. ಸರಾಸರಿ ಐದು ವರ್ಷಕ್ಕೂ ಮಿಕ್ಕಿದ ಆರೈಕೆ ಅದು. ಇದಕ್ಕಿಂತ ಹೆಚ್ಚಾಗಿ ಯಾವ ಧರ್ಮಸಂಸ್ಥೆ ತಾನೇ ಏನು ಮಾಡೀತು?

ಆದರೆ ಕ್ಯಾಬಟ್ಟರು ಬರಿಯ ದಯಾಳುವಲ್ಲ. ಸಮಾಜಸೇವಕರು ತಮ್ಮ ಸೇವೆಯ ಫಲವನ್ನು ಅಳೆಯಬೇಕೆಂದು ಆಗ್ರಹಪಡಿಸಿದವರು. ಆದುದರಿಂದ ಅವರ ಯೋಜನೆಯಲ್ಲಿ ವಯಸ್ಸು, ಕುಟುಂಬ, ಪರಿಸರ, ಸ್ವಭಾವಗಳಲ್ಲಿ ಪರಸ್ಪರ ಹೋಲುವ ಹುಡುಗರನ್ನು ಜೋಡಿಗಳನ್ನಾಗಿ ಮಾಡಿ, ಪ್ರತಿ ಜೋಡಿಯಲ್ಲಿ ಯಾರಿಗೆ ಆರೈಕೆ ದೊರೆಯಬೇಕೆಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಲಾಯಿತು. ಒಬ್ಬನಿಗೆ ಆರೈಕೆ; ಇನ್ನೊಬ್ಬನ ಬಾಳು ತನ್ನ ಪಾಡಿಗೆ ತಾನು. ಕೊನೆಗೆ ಉಳಿದ ಜೋಡಿಗಳು ೨೫೩, ಹುಡುಗರು ೫೦೬.

ದಯೆಗೂ ನಾಣ್ಯ ಚಿಮ್ಮುವುದೆ ಎಂದು ಭಕ್ತರ ಮನಸ್ಸು ನೊಂದೀತು. ಆ ನೋವು ಸಹಜ. ಆದರೆ ವಿಚಾರಿಸಿ ನೋಡಬೇಕು. ಎಲ್ಲರಿಗೂ ಕೊಡುವಷ್ಟು ಅನುಕೂಲವಿಲ್ಲದಿದ್ದಾಗ ಯಾರಿಗಾದರೂ ಇಲ್ಲವೆನ್ನಲೇಬೇಕಾಗುತ್ತದೆ. ವಶೀಲಿಯಿಂದ ಇಲ್ಲವೆನ್ನುವುದಕ್ಕಿಂತ, ಜಾತಿ ನೋಡಿ ಇಲ್ಲವೆನ್ನುವುದಕ್ಕಿಂತ, ಮೊದಲು ಬಂದವನಿಗೆ ಮಾತ್ರ ಬಾಗಿಲು ತೆರೆಯುವುದಕ್ಕಿಂತ ಚೀಟಿಯೆತ್ತುವುದು ಹೆಚ್ಚು ನ್ಯಾಯವಾದದ್ದು. ಅಷ್ಟೇ ಅಲ್ಲ, ಅದರಿಂದ ಸತ್ಯ ತಿಳಿಯುತ್ತದೆ. ಆರೈಕೆ ಪಡೆದ ಹುಡುಗ ಚೆನ್ನಾಗಿ ಬೆಳೆದರೆ, ಅದು ಆರೈಕೆಯಿಂದಲೋ ಅಥವಾ ಅವನು ಹೇಗಿದ್ದರೂ ಹಾಗೆಯೇ ಬೆಳೆಯುತ್ತಿದ್ದನೋ ಎಂಬುದನ್ನು ತಿಳಿಯಲು ಅವನಂಥದೇ ಇನ್ನೊಬ್ಬನ ಬಾಳನ್ನು ನೋಡುವುದಲ್ಲದೆ ಬೇರೆ ದಾರಿ ಕಡಿಮೆ.

ಕಾರ್ಯ ಮುಗಿದ ಕೆಲವು ವರ್ಷಗಳಲ್ಲಿ ಮೊದಲ ಪರೀಕ್ಷೆ ನಡೆದಾಗ ಎರಡು ಗುಂಪುಗಳ ನಡುವೆ ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಿತ್ತಿದ್ದು ತಡವಾಗಿ ಫಲಿಸಬಹುದೆಂದು ಹಿತೈಷಿಗಳು ಸಮಾಧಾನಪಟ್ಟುಕೊಂಡರು. ಮೂವತ್ತು ವರ್ಷಗಳ ತರುವಾಯ ಜೋನ್ ಮೆಕಾರ್ಡ್ ಎಂಬ ವಿದುಷಿ ಆ ಹುಡುಗರಲ್ಲಿ, ಆ ವೇಳೆಗೆ ಅವರು ನಡುವಯಸ್ಸಿನ ಗಂಡಸರು, ಬಹುತೇಕ ಎಲ್ಲರ ಜಾಡನ್ನೂ ಹುಡುಕಿ ತೆಗೆದು, ೧೯೭೮ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆರೈಕೆ ಪಡೆದು ಪ್ರಶ್ನೆಗಳಿಗೆ ಉತ್ತರಿಸಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅದರಿಂದ ತಮಗೆ ಒಳಿತಾಯಿತೆಂದೇ ಹೇಳಿದರು. ತಮ್ಮ ಮಾರ್ಗದರ್ಶಕರನ್ನು ಪ್ರೀತಿಯಿಂದ ನೆನೆದವರೂ ಇದ್ದರು. ಆದರೆ ನ್ಯಾಯಾಲಯದ, ಆಸ್ಪತ್ರೆಯ, ಮರಣದ ದಾಖಲೆಗಳು ಬೇರೆಯೇ ಮಾತನ್ನು ಹೇಳಿದುವು. ಬಾಲ್ಯದ ಅಪರಾಧಗಳಲ್ಲಿ ಎರಡು ಗುಂಪುಗಳೂ ಸಮ. ಒಮ್ಮೆ ಅಪರಾಧ ಮಾಡಿದವರು ಮತ್ತೊಮ್ಮೆ ಮಾಡಿದ ಪ್ರಮಾಣ ಆರೈಕೆ ಪಡೆದವರಲ್ಲಿಯೇ ಹೆಚ್ಚು. ಕುಡಿತದ ಲಕ್ಷಣಗಳು, ತೀವ್ರವಾದ ಮನೋರೋಗ, ಅಲ್ಪಾಯುಷ್ಯ ಇವುಗಳೂ ಅವರಲ್ಲಿಯೇ ಹೆಚ್ಚು. ಆರೈಕೆಯಿಂದ ಒಳಿತಾಗಲಿಲ್ಲವೆಂಬುದಷ್ಟೇ ಅಲ್ಲ, ಕೆಡುಕಾಯಿತೆಂದೇ ತೋರಿತು.

ಹೀಗೇಕಾಯಿತೆಂಬುದಕ್ಕೆ ಮೆಕಾರ್ಡ್ ಹಲವು ಊಹೆಗಳನ್ನು ಮುಂದಿಟ್ಟರು. ಹೊರಗಿನವರ ಆಸರೆಗೆ ಒಗ್ಗಿಹೋದ ಹುಡುಗ ಆ ಆಸರೆ ತಪ್ಪಿದೊಡನೆ ಕುಸಿದಿರಬಹುದು. ದೊಡ್ಡವರು ಹುಟ್ಟಿಸಿದ ದೊಡ್ಡ ಆಸೆಗಳು ಈಡೇರದೆ ನಿರಾಶೆ ತಂದಿರಬಹುದು. ತಾನು ಸಹಾಯ ಬೇಕಾದವನು ಎಂಬ ಭಾವನೆಯೇ ಅವನ ಮನಸ್ಸಿನಲ್ಲಿ ಕೊರತೆಯಾಗಿ ನಿಂತಿರಬಹುದು. ಮುಂದೆ ಅದೇ ದಾಖಲೆಗಳನ್ನು ಮತ್ತೆ ಪರಿಶೀಲಿಸಿದಾಗ, ಬೇಸಿಗೆಯ ಶಿಬಿರಗಳಿಗೆ ಒಂದಕ್ಕಿಂತ ಹೆಚ್ಚು ಸಲ ಹೋದವರಲ್ಲಿಯೇ ಕೆಡುಕು ಎದ್ದುಕಾಣುತ್ತದೆಂದು ೧೯೯೯ರ ಲೇಖನವೊಂದರಲ್ಲಿ ಅವರೂ ಅವರ ಸಹಲೇಖಕರೂ ತೋರಿಸಿದರು. ದಾರಿ ತಪ್ಪುವ ಹುಡುಗರನ್ನು ಒಂದೆಡೆ ಕೂಡಿಹಾಕಿದರೆ ಅವರು ಉಪದೇಶಕನಿಂದ ಕಲಿಯುವುದಕ್ಕಿಂತ ಒಬ್ಬರಿಂದೊಬ್ಬರು ಹೆಚ್ಚು ಕಲಿಯುತ್ತಾರೆಂಬುದು ಇದರ ತಾತ್ಪರ್ಯ. ಹುಡುಗರನ್ನು ಒಂದೆಡೆ ಕೂಡಿಸಿ ಓದಿಸುವ ನಮ್ಮಂಥ ಸಂಸ್ಥೆಗಳು ಈ ಮಾತನ್ನು ಕೇಳಿಸಿಕೊಳ್ಳದೆ ಮುಂದೆ ಸಾಗುವಂತಿಲ್ಲ.

ಫಲವನ್ನು ನೋಡುವುದು ತಪ್ಪೆ?

ಇಲ್ಲಿ ಒಂದು ಗಂಭೀರವಾದ ಆಕ್ಷೇಪಣೆಗೆ ಉತ್ತರ ಹೇಳಬೇಕಾಗಿದೆ. ಫಲಾಪೇಕ್ಷೆಯಿಲ್ಲದೆ ಕರ್ಮವನ್ನು ಆಚರಿಸಬೇಕೆಂದು ಗೀತೆ ಬೋಧಿಸುತ್ತದೆ. ಶಿವಾರ್ಪಿತವಾದ ಕಾಯಕದಲ್ಲಿ ಲಾಭದ ಲೆಕ್ಕವಿಲ್ಲವೆಂದು ಶರಣಧರ್ಮವೂ ಹೇಳುತ್ತದೆ. ಪಾಶ್ಚಾತ್ಯರಲ್ಲಿ ಕಾಂಟ್ ಮಹಾಶಯನು ೧೭೮೫ರಲ್ಲಿ ಪ್ರಕಟಿಸಿದ ತನ್ನ ನೀತಿಗ್ರಂಥದಲ್ಲಿ ಸತ್ಸಂಕಲ್ಪವೊಂದೇ ನಿರಪವಾದವಾಗಿ ಒಳ್ಳೆಯದು, ಕಾರ್ಯ ವಿಫಲವಾದರೂ ಅದರ ಬೆಲೆ ಕುಂದದು ಎಂದು ಪ್ರತಿಪಾದಿಸಿದನು. ಹೀಗಿರುವಾಗ ಸೇವೆಯ ಫಲವನ್ನು ಅಳೆಯಹೊರಡುವುದು ವ್ಯಾಪಾರಿಯ ಬುದ್ಧಿಯಾಗಲಿಲ್ಲವೆ?

ಆಗಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಫಲವನ್ನು ಬಯಸುವುದು ಬೇರೆ, ಫಲವನ್ನು ಪರೀಕ್ಷಿಸುವುದು ಬೇರೆ. ತನಗೆ ಕೀರ್ತಿ ಬರಲಿ, ಪುಣ್ಯ ಬರಲಿ ಎಂದು ಬಯಸುವುದು ಫಲಾಪೇಕ್ಷೆ. ತಾನು ಕೊಟ್ಟದ್ದರಿಂದ ಪಡೆದವನಿಗೆ ಏನಾಯಿತೆಂದು ವಿಚಾರಿಸುವುದು ಫಲಾಪೇಕ್ಷೆಯಲ್ಲ. ಅದು ಅರ್ಪಣೆಯ ಒಂದು ಅಂಗ. ಕಾಂಟನೂ ಸತ್ಸಂಕಲ್ಪವೆಂದರೆ ಬರಿಯ ಹಾರೈಕೆಯಲ್ಲ, ನಮ್ಮ ಕೈಲಾದ ಸಾಧನಗಳನ್ನೆಲ್ಲ ಒಟ್ಟುಗೂಡಿಸಿ ತೊಡಗುವುದು ಎಂದು ಅದೇ ಗ್ರಂಥದಲ್ಲಿ ಸ್ಪಷ್ಟಪಡಿಸಿದ್ದಾನೆ. ತನ್ನ ಸಾಧನ ಸಾಧಿಸುತ್ತದೆಯೋ ಇಲ್ಲವೋ ಎಂದು ನೋಡಲೊಲ್ಲದವನ ಸಂಕಲ್ಪ ಹಾರೈಕೆಯ ಹಂತವನ್ನು ದಾಟಿಲ್ಲವೆಂದೇ ಹೇಳಬೇಕು.

ದಾಸೋಹದ ದೃಷ್ಟಾಂತದಿಂದ ಇದು ಇನ್ನೂ ಸುಲಭವಾಗಿ ತಿಳಿಯುತ್ತದೆ. ಪಂಕ್ತಿಯಲ್ಲಿ ಬಡಿಸುವವನು ತನ್ನ ಕೈಯ ಸೌಟನ್ನು ನೋಡಿಕೊಂಡು ನಡೆಯುವುದಿಲ್ಲ. ಉಣ್ಣುವವನ ಎಲೆಯನ್ನು ನೋಡುತ್ತಾನೆ. ಅನ್ನ ಹಾಗೆಯೇ ಉಳಿದಿದ್ದರೆ ಏಕೆಂದು ಕೇಳುತ್ತಾನೆ. ಹಳಸಿದ್ದರೆ ಬದಲಿಸುತ್ತಾನೆ. ‘ನಾನು ಭಕ್ತಿಯಿಂದ ಬಡಿಸಿದೆ, ಉಣ್ಣುವುದು ಬಿಡುವುದು ಅವನ ಹಣೆಬರಹ’ ಎನ್ನುವುದು ದಾಸೋಹವಾಗಲಾರದು, ಅಹಂಕಾರವಾದೀತು. ದಾಸೋಹದಲ್ಲಿ ಕೊಡುವವನು ದಾಸ, ಪಡೆಯುವವನೇ ಒಡೆಯ. ಒಡೆಯನಿಗೆ ಲೆಕ್ಕ ಒಪ್ಪಿಸದ ದಾಸನುಂಟೆ? ನಮ್ಮ ಪಂಚಾಚಾರಗಳಲ್ಲಿ ಗಣಾಚಾರವೂ ಉಂಟು, ಭೃತ್ಯಾಚಾರವೂ ಉಂಟು. ಸಮಾಜದಲ್ಲಿ ಅನ್ಯಾಯ ತಲೆಯೆತ್ತಿದಾಗ ಸುಮ್ಮನಿರದೆ ತಡೆಯುವುದು ಗಣಾಚಾರ. ತಾನು ಎಲ್ಲರಿಗಿಂತ ಕಿರಿಯನೆಂಬ ವಿನಯ ಭೃತ್ಯಾಚಾರ. ಭೃತ್ಯಾಚಾರವಿಲ್ಲದ ಗಣಾಚಾರ ಕೇವಲ ಆವೇಶವಾಗಿಬಿಡುತ್ತದೆ. ಅಪರಾಧ ತಡೆಯುವ ನಮ್ಮ ಉತ್ಸಾಹವನ್ನು ಪರೀಕ್ಷೆಗೆ ಒಡ್ಡುವುದೆಂದರೆ ಅದಕ್ಕೆ ಭೃತ್ಯಾಚಾರದ ಕಡಿವಾಣ ತೊಡಿಸಿದಂತೆ.

ಅಪರಾಧ ಒಂದು, ಭಯ ಮತ್ತೊಂದು

ದಯೆಯಂತೆಯೇ ಪರೀಕ್ಷೆಗೆ ಒಳಪಡಬೇಕಾದ ಇನ್ನೊಂದು ಭಾವ ಭಯ. ಅಪರಾಧ ಹೆಚ್ಚಿದರೆ ಭಯ ಹೆಚ್ಚುತ್ತದೆ, ಅದು ತಗ್ಗಿದರೆ ಇದೂ ತಗ್ಗುತ್ತದೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಸ್ತುಸ್ಥಿತಿ ಹಾಗಿಲ್ಲ.

ಅಮೆರಿಕೆಯ ಕಾನ್ಸಸ್ ಸಿಟಿಯಲ್ಲಿ ೧೯೭೨ರ ಅಕ್ಟೋಬರಿನಿಂದ ಒಂದು ವರ್ಷ ಕಾಲ ಪೊಲೀಸರು ಧೈರ್ಯದ ಪ್ರಯೋಗವೊಂದನ್ನು ಕೈಗೊಂಡರು. ನಗರದ ದಕ್ಷಿಣ ಭಾಗದ ೧೫ ಗಸ್ತು ಪ್ರದೇಶಗಳನ್ನು ಐದೈದರಂತೆ ಮೂರು ಗುಂಪು ಮಾಡಿದರು. ಒಂದರಲ್ಲಿ ಗಸ್ತನ್ನು ನಿಲ್ಲಿಸಿ, ಯಾರಾದರೂ ಕರೆದಾಗ ಮಾತ್ರ ಹೋಗತಕ್ಕದ್ದೆಂದು ಗೊತ್ತುಮಾಡಿದರು. ಇನ್ನೊಂದರಲ್ಲಿ ಎಂದಿನಂತೆ ಗಸ್ತು. ಮೂರನೆಯದರಲ್ಲಿ ಎರಡು ಮೂರು ಪಟ್ಟು ಗಸ್ತು. ೧೯೭೪ರಲ್ಲಿ ಹೊರಬಂದ ವರದಿಯ ಪ್ರಕಾರ ಮೂರರಲ್ಲಿಯೂ ಅಪರಾಧ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿತ್ತು. ಜನರ ಭಯವೂ ಅಷ್ಟೇ. ಪೊಲೀಸ್ ಕಾರು ಬೀದಿ ಸುತ್ತಿದರೆ ಕಳ್ಳರು ಹೆದರುತ್ತಾರೆಂಬ, ಯಾರೂ ಸಂಶಯಿಸದಿದ್ದ ನಂಬಿಕೆ ಒರೆಗಲ್ಲಿನ ಮೇಲೆ ನಿಲ್ಲಲಿಲ್ಲ. ತರುವಾಯ ನ್ಯೂವಾರ್ಕ್ ನಗರದಲ್ಲಿ ಕಾರಿನ ಬದಲು ಪೊಲೀಸರು ಬೀದಿಯಲ್ಲಿ ಕಾಲ್ನಡಿಗೆಯಿಂದ ತಿರುಗುವ ಪದ್ಧತಿಯನ್ನು ಪರೀಕ್ಷಿಸಿ ೧೯೮೧ರಲ್ಲಿ ವರದಿ ಹೊರಡಿಸಿದರು. ಅಪರಾಧ ತಗ್ಗಲಿಲ್ಲ, ಆದರೆ ಜನರ ಭಯ ತಗ್ಗಿತು. ಗುರುತಿನ ಮುಖವೊಂದು ಎದುರು ಬಂದು ಕ್ಷೇಮ ವಿಚಾರಿಸಿದಾಗ ಮನಸ್ಸು ನಿರಾಳವಾಗುವುದು ಮಾನವಸಹಜವಷ್ಟೆ.

ಹಾಗಾದರೆ ಗಸ್ತೇ ನಿಷ್ಪ್ರಯೋಜಕವೆಂದು ತೀರ್ಮಾನಿಸಬೇಕೆ? ಹಾಗೂ ಅಲ್ಲ. ೧೯೮೮ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಅಪರಾಧಗಳು ಪದೇ ಪದೇ ಘಟಿಸುವ ೧೧೦ ತಾಣಗಳನ್ನು ಗುರುತಿಸಿ, ಅವುಗಳಲ್ಲಿ ಅರ್ಧದಷ್ಟು ತಾಣಗಳಿಗೆ ಹೆಚ್ಚಿನ ಗಸ್ತು ಕೊಟ್ಟು ನೋಡಿದಾಗ ಅಲ್ಲಿ ಅಪರಾಧದ ದೂರುಗಳು ಸ್ವಲ್ಪಮಟ್ಟಿಗೆ ಇಳಿದುವು. ಎಲ್ಲೆಡೆ ಚೆಲ್ಲಿದ ನೀರು ಇಂಗಿಹೋಗುತ್ತದೆ. ಬೇರಿಗೆ ಎರೆದದ್ದು ಗಿಡಕ್ಕೆ ಸಲ್ಲುತ್ತದೆ. ಪರೀಕ್ಷೆಯೆಂಬುದು ಸತ್ಕಾರ್ಯವನ್ನು ಅಲ್ಲಗಳೆಯಲು ಬಂದ ಶತ್ರುವಲ್ಲ, ಬೇರು ಎಲ್ಲಿದೆಯೆಂದು ತೋರಿಸುವ ಮಿತ್ರ.

ಭಯದಲ್ಲಿ ಇನ್ನೊಂದು ವೈಚಿತ್ರ್ಯವುಂಟು. ಠಾಣೆಯ ದಾಖಲೆಯನ್ನು ನೆಚ್ಚದೆ ಮನೆಮನೆಗೆ ಹೋಗಿ ‘ನಿಮಗೇನಾಯಿತು?’ ಎಂದು ಕೇಳುವ ಸಮೀಕ್ಷೆಗಳು ಬ್ರಿಟನ್ನಿನಲ್ಲಿ ೧೯೮೨ರಿಂದ ನಡೆದಿವೆ. ಬೀದಿಯ ಹೊಡೆದಾಟಗಳಿಗೆ ಹೆಚ್ಚಾಗಿ ಬಲಿಯಾಗುವವರು ತರುಣ ಗಂಡಸರು. ಹೆಚ್ಚು ಭಯಪಡುವವರು ಹೆಂಗಸರು ಮತ್ತು ವೃದ್ಧರು. ಇದನ್ನು ಕಂಡು ಅವರ ಭಯ ನಿರಾಧಾರವೆಂದು ನಕ್ಕವರುಂಟು. ಆದರೆ ಬಿದ್ದರೆ ಮತ್ತೆ ಏಳಲಾರೆನೆಂದು ಬಲ್ಲ ಮುದುಕಿಯ ಭಯವನ್ನು, ಬಿದ್ದು ಎದ್ದು ಧೂಳು ಕೊಡವಿಕೊಂಡು ಹೋಗುವ ತರುಣನ ಧೈರ್ಯದಿಂದ ಅಳೆಯಬಹುದೆ? ಹೆಣ್ಣಿನ ಮೇಲೆ ಮನೆಯೊಳಗೇ ನಡೆಯುವ ದೌರ್ಜನ್ಯ ಯಾವ ಠಾಣೆಯ ದಫ್ತರಕ್ಕೂ ಏರದಿದ್ದರೆ, ದಫ್ತರವನ್ನು ತೋರಿಸಿ ಅವಳ ಭಯವನ್ನು ಭ್ರಮೆಯೆನ್ನುವುದು ಯಾವ ನ್ಯಾಯ? ಅಂಕಿಗಳನ್ನು ನೋಡಬೇಕು, ಅಂಕಿಗಳ ಹೊರಗೆ ಉಳಿದವರನ್ನೂ ನೋಡಬೇಕು.

ನಮ್ಮ ದೇಶದಲ್ಲಿಯೇ ದಾಖಲಾದ ಅತ್ಯಾಚಾರ ಪ್ರಕರಣಗಳು ೨೦೧೨ರಲ್ಲಿ ೨೪,೯೨೩ ಇದ್ದುವು; ೨೦೧೩ರಲ್ಲಿ ೩೩,೭೦೭ ಆದುವು. ಒಂದೇ ವರ್ಷದಲ್ಲಿ ದೇಶದ ಗಂಡಸರೆಲ್ಲ ಇಷ್ಟರಮಟ್ಟಿಗೆ ಕೆಟ್ಟರೆಂದು ನಂಬುವುದು ಕಷ್ಟ. ೨೦೧೨ರ ಡಿಸೆಂಬರಿನ ದೆಹಲಿಯ ಘಟನೆಯ ತರುವಾಯ ಕಾನೂನು ಬದಲಾಯಿತು, ಅದುವರೆಗೆ ಬಾಯಿಮುಚ್ಚಿಕೊಂಡಿದ್ದ ನೋವು ಮಾತನಾಡತೊಡಗಿತು. ಮಧ್ಯಪ್ರದೇಶದ ೧೮೦ ಪೊಲೀಸ್ ಠಾಣೆಗಳಲ್ಲಿ ನಡೆದು ೨೦೨೨ರಲ್ಲಿ ಪ್ರಕಟವಾದ ಒಂದು ಪ್ರಯೋಗ ಈ ದೃಷ್ಟಿಯಿಂದ ಗಮನಾರ್ಹ. ಕೆಲವು ಠಾಣೆಗಳಲ್ಲಿ ಮಹಿಳೆಯರಿಗಾಗಿ ಪ್ರತ್ಯೇಕ ಸಹಾಯಕೇಂದ್ರಗಳನ್ನು ತೆರೆದು, ತೆರೆಯದ ಠಾಣೆಗಳೊಡನೆ ಹೋಲಿಸಿ ನೋಡಿದರು. ತೆರೆದ ಕಡೆ ಹೆಂಗಸರ ದೂರುಗಳು ಹೆಚ್ಚು ದಾಖಲಾದುವು. ಇಲ್ಲಿ ಸಂಖ್ಯೆ ಏರಿದ್ದೇ ಒಳ್ಳೆಯ ಚಿಹ್ನೆ! ‘ನಮ್ಮ ಠಾಣೆಯಲ್ಲಿ ಈ ವರ್ಷ ಅಪರಾಧ ಇಳಿದಿದೆ’ ಎಂಬ ಮಾತನ್ನು ಕೇಳಿದೊಡನೆ ಹಿಗ್ಗುವ ಮೊದಲು, ಇಳಿದದ್ದು ಅಪರಾಧವೋ ದೂರು ಕೊಡುವ ಧೈರ್ಯವೋ ಎಂದು ಕೇಳಿಕೊಳ್ಳುವುದು ವಿವೇಕ.

ಭಯವೇ ಔಷಧವಾದಾಗ

ಪರೀಕ್ಷೆಗೊಳಪಡದ ಭಯ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ನಮ್ಮ ನಾಡಿನ ಚರಿತ್ರೆಯೇ ಸಾಕ್ಷಿ. ಬ್ರಿಟಿಷ್ ಸರ್ಕಾರ ೧೮೭೧ರಲ್ಲಿ ಒಂದು ಶಾಸನ ಮಾಡಿ ಕೆಲವು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಉಪ್ಪು, ಧಾನ್ಯ ಹೇರಿಕೊಂಡು ಊರಿಂದೂರಿಗೆ ಹೋಗುತ್ತಿದ್ದವರೂ, ಬುಟ್ಟಿ ಹೆಣೆಯುತ್ತಿದ್ದವರೂ, ಬೇಟೆಯಾಡಿ ಬದುಕುತ್ತಿದ್ದವರೂ ಕಾಲಕ್ರಮದಲ್ಲಿ ಈ ಪಟ್ಟಿಗೆ ಸೇರಿದರು. ದಿನವೂ ಹಾಜರಿ, ಊರು ಬಿಡಬೇಕಾದರೆ ಚೀಟಿ, ಹಲವರಿಗೆ ತಂತಿಬೇಲಿಯ ಒಳಗೆ ವಾಸ. ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿ, ವಿಜಾಪುರ, ಗದಗಗಳಲ್ಲಿಯೂ ಇಂಥ ವಸಾಹತುಗಳಿದ್ದುವು. ಹುಬ್ಬಳ್ಳಿಯಲ್ಲಿ ‘ಸೆಟ್ಲ್‌ಮೆಂಟ್’ ಎಂಬ ಬಡಾವಣೆಯ ಹೆಸರಿನಲ್ಲಿ ಆ ನೆನಪು ಇಂದಿಗೂ ಉಳಿದಿದೆ. ಅಪರಾಧ ತಡೆಯುವುದೇ ಈ ಶಾಸನದ ಉದ್ದೇಶವೆಂದು ಹೇಳಲಾಗಿತ್ತು. ಎಂಬತ್ತು ವರ್ಷ ಅದು ಜಾರಿಯಲ್ಲಿತ್ತು. ೧೯೫೨ರ ಆಗಸ್ಟ್ ೩೧ರಂದು ರದ್ದಾಯಿತು. ಜನರಿಗಿದ್ದ ಭಯವನ್ನೇ ಪುರಾವೆಯೆಂದು ಬಗೆದು ಮಗುವಿನ ಹಣೆಯ ಮೇಲೆ ಕಳ್ಳನೆಂದು ಬರೆದ ಆ ಕ್ರಮ, ಕಾಗದದಿಂದ ಅಳಿಸಿಹೋದರೂ ಊರವರ ಕಣ್ಣಿನಿಂದ ಪೂರ್ಣವಾಗಿ ಅಳಿಸಿಹೋಗಿಲ್ಲ. ಶಿವಭಕ್ತರಲ್ಲಿ ಹುಟ್ಟಿನ ಮೇಲುಕೀಳನ್ನು ಎಣಿಸಬಾರದೆಂಬ ಶಿವಾಚಾರಕ್ಕೆ ಇದಕ್ಕಿಂತ ವಿರುದ್ಧವಾದ ‘ಅಪರಾಧ ನಿವಾರಣೆ’ ಇನ್ನೊಂದಿರಲಾರದು.

ಭಯಪಡುವವರು ಮಾಡಿದ ಕಾನೂನು ಇದಾದರೆ, ಭಯಪಡಿಸಿ ತಿದ್ದುವ ಉಪಾಯ ಇನ್ನೊಂದು. ಅಮೆರಿಕೆಯ ನ್ಯೂಜೆರ್ಸಿಯ ಕಾರಾಗೃಹವೊಂದರಲ್ಲಿ ೧೯೭೦ರ ದಶಕದಲ್ಲಿ, ಹಾದಿ ತಪ್ಪುವ ಹುಡುಗರನ್ನು ಒಳಗೆ ಕರೆತಂದು, ಜೀವಾವಧಿ ಶಿಕ್ಷೆಯ ಕೈದಿಗಳಿಂದ ಬೈಗುಳ ಬೆದರಿಕೆಗಳನ್ನು ಕೇಳಿಸಿ ಹೆದರಿಸುವ ಪದ್ಧತಿ ಆರಂಭವಾಯಿತು. ೧೯೭೮ರಲ್ಲಿ ಅದರ ಚಲನಚಿತ್ರ ಬಂದು, ಅದಕ್ಕೆ ದೊಡ್ಡ ಪ್ರಶಸ್ತಿಯೂ ದೊರೆತು, ಪದ್ಧತಿ ಎಲ್ಲೆಡೆ ಹಬ್ಬಿತು. ೨೦೦೨ರಲ್ಲಿ ಇಂಥ ೯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ವಿದ್ವಾಂಸರು ಕಂಡದ್ದು ವಿಪರೀತ: ಹೆದರಿಸಿದ ಹುಡುಗರು ಹೆದರಿಸದೆ ಬಿಟ್ಟ ಹುಡುಗರಿಗಿಂತ ಹೆಚ್ಚು ಅಪರಾಧ ಮಾಡಿದ್ದರು. ಏನೂ ಮಾಡದೆ ಸುಮ್ಮನಿದ್ದಿದ್ದರೆ ಅದಕ್ಕಿಂತ ಒಳಿತಾಗುತ್ತಿತ್ತು. ‘ಒಂದು ಸಲ ಠಾಣೆಗೆ ಕರೆದುಕೊಂಡು ಹೋಗಿ ಹೆದರಿಸಿ ತನ್ನಿ, ಸರಿಹೋಗುತ್ತಾನೆ’ ಎಂದು ಸಲಹೆ ಕೊಡುವ ಹಿರಿಯರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲವಾದುದರಿಂದ ಈ ಮಾತನ್ನು ಇಲ್ಲಿ ಹೇಳಬೇಕಾಯಿತು.

ಭಯವು ಕೊನೆಗೆ ತಾನೇ ಅಪರಾಧವಾಗಿ ಮಾರ್ಪಡುವುದನ್ನೂ ನಾವು ಕಂಡಿದ್ದೇವೆ. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ಮೊಬೈಲುಗಳಲ್ಲಿ ಹರಡಿದ್ದ ಕಾಲದಲ್ಲಿ, ೨೦೧೮ರ ಜುಲೈ ತಿಂಗಳಲ್ಲಿ, ಬೀದರ ಜಿಲ್ಲೆಗೆ ಬಂದಿದ್ದ ಕೆಲವು ತರುಣರು ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಅಷ್ಟಕ್ಕೇ ಸಂಶಯ ಹುಟ್ಟಿತು. ಮುರ್ಕಿ ಎಂಬಲ್ಲಿ ಜನ ಅವರ ಕಾರನ್ನು ತಡೆದು ಹೊಡೆದರು. ಹೈದರಾಬಾದಿನ ಒಬ್ಬ ಇಂಜಿನಿಯರು ಪ್ರಾಣ ಬಿಟ್ಟನು. ಹೊಡೆದವರಲ್ಲಿ ಹೆಚ್ಚಿನವರು ಹುಟ್ಟು ದುಷ್ಟರಾಗಿದ್ದಿರಲಾರರು. ತಮ್ಮ ಮಕ್ಕಳನ್ನು ರಕ್ಷಿಸುತ್ತಿದ್ದೇವೆಂದೇ ಅವರು ತಿಳಿದಿದ್ದಿರಬೇಕು. ಶರಣರು ಅನುಭವಮಂಟಪದಲ್ಲಿ ಕುಳಿತು ಪ್ರಶ್ನಿಸಿ, ವಿಚಾರಿಸಿ, ಒಪ್ಪಿದ ಕಲ್ಯಾಣ ಇರುವುದೂ ಅದೇ ಜಿಲ್ಲೆಯಲ್ಲಿ. ‘ಇದು ನಿಜವೆ?’ ಎಂದು ಅಂದು ಒಬ್ಬನೇ ಒಬ್ಬನು ಗಟ್ಟಿಯಾಗಿ ಕೇಳಿ ಉಳಿದವರನ್ನು ನಿಲ್ಲಿಸಿದ್ದರೆ ಒಂದು ಜೀವ ಉಳಿಯುತ್ತಿತ್ತು.

ಎಲೆಯನ್ನು ನೋಡುವ ಬಗೆ

ಇಷ್ಟನ್ನು ಓದಿದವರು, ಹಾಗಾದರೆ ಮನುಷ್ಯನನ್ನು ತಿದ್ದುವುದೇ ಅಸಾಧ್ಯವೆಂದು ಕೈಚೆಲ್ಲಬಾರದು. ಮಿಶಿಗನ್ ರಾಜ್ಯದ ಯಿಪ್ಸಿಲ್ಯಾಂಟಿ ಎಂಬ ಊರಿನಲ್ಲಿ ೧೯೬೨ರಿಂದ ೧೯೬೭ರ ವರೆಗೆ ಮೂರು ನಾಲ್ಕು ವಯಸ್ಸಿನ ೧೨೩ ಬಡ ನೀಗ್ರೋ ಕುಟುಂಬಗಳ ಮಕ್ಕಳಲ್ಲಿ ೫೮ ಮಕ್ಕಳಿಗೆ ಒಳ್ಳೆಯ ಶಿಶುವಿಹಾರದ ಶಿಕ್ಷಣ ಕೊಟ್ಟರು. ಉಪಾಧ್ಯಾಯಿನಿಯರು ವಾರಕ್ಕೊಮ್ಮೆ ತಾಯಂದಿರ ಮನೆಗೂ ಹೋಗಿಬರುತ್ತಿದ್ದರು. ಆ ಮಕ್ಕಳು ನಲವತ್ತು ವರ್ಷದವರಾದಾಗ ವಿಚಾರಿಸಿದರೆ, ಐದು ಅಥವಾ ಹೆಚ್ಚು ಸಲ ಬಂಧನಕ್ಕೊಳಗಾದವರು ಶಿಕ್ಷಣ ಪಡೆದವರಲ್ಲಿ ನೂರಕ್ಕೆ ೩೬, ಪಡೆಯದವರಲ್ಲಿ ನೂರಕ್ಕೆ ೫೫. ಒಂದು ದಯೆ ಕೆಡಿಸಿತು, ಇನ್ನೊಂದು ದಯೆ ಉಳಿಸಿತು. ಎರಡರ ಉದ್ದೇಶವೂ ಒಂದೇ. ಯಾವುದು ಯಾವುದೆಂದು ಕೊಟ್ಟವರ ಮುಖ ನೋಡಿ ಹೇಳಲಾಗುತ್ತಿರಲಿಲ್ಲ. ಪಡೆದವರ ಬಾಳನ್ನು ಕಾದು ನೋಡಿದ್ದರಿಂದ ತಿಳಿಯಿತು.

ಮನುಷ್ಯನು ಬದಲಾಗಬಲ್ಲನೆಂಬುದರಲ್ಲಿ ಶರಣಪರಂಪರೆಗೆ ಸಂದೇಹವಿಲ್ಲ. ಉರಿಲಿಂಗಪೆದ್ದಿಗಳು ಕಳವಿಗೆಂದು ಬಂದು ದೀಕ್ಷೆಯನ್ನು ಕಂಡು ಮನ ಪರಿವರ್ತನೆಗೊಂಡರೆಂದು ಪ್ರತೀತಿ. ಕನ್ನದ ಮಾರಿತಂದೆಗಳು ಹೆಸರಿನೊಡನೆಯೇ ಹಳೆಯ ಬದುಕನ್ನು ಹೊತ್ತು ವಚನಕಾರರ ಸಾಲಿನಲ್ಲಿ ನಿಂತವರು. ತಮ್ಮ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ತಾಯಿಯನ್ನಗಲಿದ ಕರುಗಳ ಕೂಗನ್ನು ಸಹಿಸಲಾರದೆ ಕರುಗಳನ್ನೂ ಅಲ್ಲಿಗೇ ಕಳುಹಿಸಿದರೆಂಬ ಬಸವಣ್ಣನವರ ಐತಿಹ್ಯವಂತೂ ಸರ್ವವಿದಿತ. ಆ ಕಥೆಯಲ್ಲಿ ನಾವು ಅವರ ಔದಾರ್ಯವನ್ನು ಕೊಂಡಾಡುತ್ತೇವೆ. ಅವರ ದೃಷ್ಟಿ ಎಲ್ಲಿತ್ತೆಂಬುದನ್ನು ಗಮನಿಸುವುದು ಕಡಿಮೆ. ಕಳೆದುಕೊಂಡ ತಮ್ಮ ಮೇಲೆ ಇರಲಿಲ್ಲ, ತಮ್ಮ ಪುಣ್ಯದ ಮೇಲೂ ಇರಲಿಲ್ಲ. ಹಸಿದು ಕೂಗುವ ಕರುವಿನ ಮೇಲಿತ್ತು.

ಆ ದೃಷ್ಟಿ ನಮಗೂ ಬೇಕು. ಮಠಗಳು, ಸಂಘಗಳು, ಹಳೆಯ ವಿದ್ಯಾರ್ಥಿಗಳು ಹುಡುಗರಿಗಾಗಿ ಯಾವುದೇ ಕಾರ್ಯವನ್ನು ಕೈಗೊಳ್ಳುವ ಮೊದಲು, ಈಗಿರುವ ಸ್ಥಿತಿಯನ್ನು ಬರೆದಿಡಲಿ. ಬರೆದಿಡದಿದ್ದರೆ ಮುಂದೆ ಯಾವುದರೊಡನೆ ಹೋಲಿಸುವುದು? ನೂರು ಅರ್ಜಿಗಳಿಗೆ ಐವತ್ತೇ ಸ್ಥಾನಗಳಿದ್ದು ಅರ್ಹತೆ ಸಮವಾಗಿದ್ದರೆ ಚೀಟಿಯೆತ್ತಲಿ. ಸ್ಥಾನ ದೊರೆಯದವರನ್ನೂ ಮರೆಯದೆ, ಹತ್ತು ವರ್ಷಗಳ ತರು​ವಾಯ ಅವರೆಲ್ಲಿದ್ದಾರೆಂದು ವಿಚಾರಿಸಲಿ. ದಾರಿ ತಪ್ಪಿದ ಹುಡುಗರನ್ನೇ ಆಯ್ದು ಒಂದೇ ಕೊಠಡಿಯಲ್ಲಿ ತುಂಬದಿರಲಿ. ಪರೀಕ್ಷಿಸುವ ಕಾರ್ಯ, ಮಾಡಿದವರ ಕೈಯಲ್ಲಿರದೆ ಹೊರಗಿನವರ ಕೈಯಲ್ಲಿರಲಿ. ಒಳಿತಾಗುತ್ತಿಲ್ಲವೆಂದು ಖಚಿತವಾದರೆ, ಎಷ್ಟೇ ಪ್ರಿಯವಾದ ಕಾರ್ಯವಾದರೂ, ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೊರೆಸಿದ್ದರೂ, ನಿಲ್ಲಿಸುವ ಧೈರ್ಯವಿರಲಿ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ಹಳೆಯ ವಿದ್ಯಾರ್ಥಿಗಳ ಸಮ್ಮೇಳನಗಳಲ್ಲಿ ವೇದಿಕೆಯೇರಿ, ‘ನಾನು ಇಂದು ಏನಾಗಿದ್ದೇನೆಯೋ ಅದು ಮಠದ ಪ್ರಸಾದದಿಂದ’ ಎಂದು ಕಣ್ಣೀರು ತುಂಬಿ ಹೇಳುವವರ ಮಾತು ಸತ್ಯವಾದದ್ದೇ. ಕೇಂಬ್ರಿಜ್ ಮತ್ತು ಸಾಮರ್‌ವಿಲ್‌ಗಳ ಮೂರರಲ್ಲಿ ಎರಡು ಪಾಲು ಜನರ ಕೃತಜ್ಞತೆಯೂ ಸತ್ಯವಾದದ್ದೇ ಆಗಿತ್ತು. ಆದರೆ ಸಮ್ಮೇಳನಕ್ಕೆ ಬಾರದವನೊಬ್ಬನಿದ್ದಾನೆ. ನಡುವೆ ಓಡಿಹೋದವನು, ಹೊರಹಾಕಲ್ಪಟ್ಟವನು, ಹೆಸರು ಹಾಜರಿ ಪುಸ್ತಕದಲ್ಲಿ ಅರ್ಧಕ್ಕೆ ನಿಂತವನು. ನಮ್ಮ ಕಾರ್ಯದ ನಿಜವಾದ ಒರೆಗಲ್ಲು ಅವನು. ಈ ಪತ್ರಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳು ತಮ್ಮೊಡನೆ ಒಂದೇ ಪಂಕ್ತಿಯಲ್ಲಿ ಉಂಡು ಆಮೇಲೆ ಕಾಣದಾದ ಅಂಥ ಒಬ್ಬನನ್ನು ನೆನಪು ಮಾಡಿಕೊಳ್ಳಲಿ. ಸಾಧ್ಯವಾದರೆ ಹುಡುಕಿ ಮಾತನಾಡಿಸಲಿ. ಬೋಧಿಸುವುದಕ್ಕಾಗಿ ಅಲ್ಲ, ‘ನಮ್ಮಿಂದ ನಿನಗೇನಾಯಿತು?’ ಎಂದು ಕೇಳುವುದಕ್ಕಾಗಿ. ಅವನು ಹೇಳುವುದು ನಮಗೆ ಹಿತವಾಗದಿರಬಹುದು. ಆದರೂ ಅದನ್ನು ತಲೆಬಾಗಿ ಕೇಳಿ, ಮರುದಿನದ ಅಡಿಗೆಯನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳುವುದೇ ದಾಸೋಹ. ಅರಿವು ಆಚಾರಗಳೆರಡೂ ಕೂಡಿದಾಗಲೇ ಧರ್ಮವೆಂದು ಶರಣರು ನಂಬಿದ್ದರು. ದಯೆಗೂ ಅರಿವಿನ ಕಣ್ಣಿರಲೆಂದು ಆ ಶರಣರಲ್ಲಿ ನಮ್ಮ ಪ್ರಾರ್ಥನೆ.